ಕಣದ ಮಳೆ, ಹೆದ್ದಾರಿಯ ಮಂಜು, ಕಾಶಿಯ ಟಿಕೆಟ್

ನಮ್ಮ ಕಡೆ ದೂರದ ಪ್ರಯಾಣ ಎಂದರೆ ಸುಗ್ಗಿ ಮುಗಿದ ಮೇಲಿನ ಮಾತು. ಹಾನಗಲ್ಲಿನ ಭತ್ತ ಮನೆ ಸೇರಬೇಕು, ಹಿರೇಕೆರೂರಿನ ಗೋವಿನಜೋಳ ಒಣಗಿ ಚೀಲ ತುಂಬಬೇಕು, ಸವಣೂರು, ಶಿಗ್ಗಾವಿ ಸೀಮೆಯ ಹತ್ತಿ ಬಿಡಿಸಿ ಮುಗಿಯಬೇಕು. ಸಂಕ್ರಾಂತಿಗೆ ವರದಾ ಹೊಳೆಯ ದಂಡೆಯಲ್ಲಿ ಬುತ್ತಿ ಬಿಚ್ಚಿ ಉಂಡು ಬಂದ ಮೇಲೆಯೇ ಹಿರಿಯರು ಕಾಶಿಯ ಹೆಸರೆತ್ತುತ್ತಿದ್ದರು. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡುತ್ತಿದ್ದುದು, ಮೈಲಾರದ ಕಾರಣಿಕ ಕೇಳಲು ಹೊರಡುತ್ತಿದ್ದುದು ಭರತ ಹುಣ್ಣಿಮೆಯ ಹೊತ್ತಿಗೆ. ಆಗ ಎತ್ತಿಗೂ ಬಿಡುವು, ಮನೆಯವರಿಗೂ ಪುರುಸೊತ್ತು. ಚಳಿ ಹಿಂದೆ ಸರಿದಿರುತ್ತದೆ, ಬೆಳಗಿನ ಮಂಜು ತೆಳುವಾಗಿರುತ್ತದೆ. ಹವಾಮಾನ ಇಲಾಖೆಯ ನಕ್ಷೆ ನೋಡದೆಯೂ ಅವರು ಪ್ರಯಾಣಕ್ಕೆ ವರ್ಷದ ಒಳ್ಳೆಯ ಹೊತ್ತನ್ನೇ ಆರಿಸಿಕೊಂಡಿದ್ದರು.

ಈಗ ಆ ಹೊತ್ತನ್ನು ಆರಿಸುವುದು ರಜೆಯ ಪಟ್ಟಿ. ಬೆಂಗಳೂರಿನಲ್ಲಿರುವ ಮಗನಿಗೆ ಕಂಪನಿ ರಜೆ ಕೊಡುವುದು ಡಿಸೆಂಬರ್ ಕೊನೆಯ ವಾರ. ಮೊಮ್ಮಕ್ಕಳ ಶಾಲೆಗೆ ಕ್ರಿಸ್‌ಮಸ್ ಬಿಡುವು. ವರ್ಷಾಂತ್ಯದೊಳಗೆ ಬಳಸದಿದ್ದರೆ ಹೋಗಿಯೇಬಿಡುವ ರಜೆಗಳು ಒಂದಷ್ಟು. ಎಲ್ಲರೂ ಒಟ್ಟಿಗೆ ಸಿಗುವುದು ಆ ಒಂಬತ್ತು ಹತ್ತು ದಿನ ಮಾತ್ರ. ಹಾಗಾಗಿ ಹಾವೇರಿ ಜಿಲ್ಲೆಯ ಈ ನಾಲ್ಕೂ ತಾಲ್ಲೂಕುಗಳ ಮನೆಮನೆಯಲ್ಲಿ ಕಾಶಿ, ಅಯೋಧ್ಯೆ, ದೆಹಲಿ, ಆಗ್ರಾ ಎಂಬ ಊರುಗಳು ಡಿಸೆಂಬರ್ ಕೊನೆಗೆ ಬಂದು ಕೂತಿವೆ. ಉತ್ತರ ಭಾರತದ ಬಯಲಿಗೆ ಹೋಗಲು ಇಡೀ ವರ್ಷದಲ್ಲಿ ಅತ್ಯಂತ ತೊಡಕಿನ ದಿನಗಳು ಯಾವುವು ಎಂದು ಕೇಳಿದರೆ ನಾನು ಅವೇ ದಿನಗಳನ್ನು ಹೇಳುತ್ತೇನೆ. ನಮ್ಮ ಊರಿನ ಹೊಲ ಬಿಟ್ಟು ಹೊರಡಲೂ ಅವು ಒಳ್ಳೆಯ ದಿನಗಳಲ್ಲ. ನಮ್ಮ ಮನೆಯ ಒಂದು ಪ್ರಯಾಣದಲ್ಲಿ ಎರಡೂ ಕಡೆಯ ಪೆಟ್ಟು ಒಟ್ಟಿಗೆ ಬಿತ್ತು.

ಅವ್ವನಿಗೆ ಕಾಶಿ ನೋಡುವ ಆಸೆ ಬಹಳ ದಿನದ್ದು. ಅಣ್ಣ ಹಾನಗಲ್ ಹತ್ತಿರದ ಹಳ್ಳಿಯಲ್ಲಿ ಒಕ್ಕಲುತನ ಮಾಡುತ್ತಾನೆ. ಅವ್ವ ಇರುವುದು ಅವನ ಜೊತೆಗೇ. ಅಕ್ಕನನ್ನು ಸವಣೂರಿಗೆ ಕೊಟ್ಟಿದೆ. ಚಿಗವ್ವ ಹಿರೇಕೆರೂರಿನವಳು. ನಾನು ಶಿಗ್ಗಾವಿಯಲ್ಲಿ, ತಮ್ಮ ಬೆಂಗಳೂರಿನಲ್ಲಿ. ರಜೆ ಸಿಕ್ಕದ್ದು ತಮ್ಮನಿಗೆ, ಆದ್ದರಿಂದ ದಿನ ಗೊತ್ತು ಮಾಡಿದವನೂ ಅವನೇ. ಟಿಕೆಟ್ ಆಯಿತು, ಅಲ್ಲಿ ಉಳಿಯಲು ಮಠದಲ್ಲಿ ಖೋಲಿ ಆಯಿತು. ಚಿಗವ್ವ ಚಕ್ಕುಲಿ ಕರಿದಳು. ಅಕ್ಕ ಸವಣೂರಿನ ಖಾರ ಕಟ್ಟಿಸಿಟ್ಟಳು. ವೈನಿ ಶೇಂಗಾ ಹೋಳಿಗೆಗೆ ಬೆಲ್ಲ ತರಿಸಿದಳು.

ಹೊರಡಲು ವಾರ ಇರುವಾಗ ಮೋಡ ಕವಿಯಿತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ರೇಡಿಯೊದಲ್ಲಿ ಹೇಳಿದರು. ಅಣ್ಣನ ಗೋವಿನಜೋಳ ಆಗ ಕಣದಲ್ಲಿತ್ತು. ಯಂತ್ರಕ್ಕೆ ಹಾಕಿ ಕಾಳು ಬಿಡಿಸಿ ಹರವಿ ಎರಡು ದಿನವಷ್ಟೇ ಆಗಿತ್ತು. ಬಿಸಿಲಿಗೆ ಇನ್ನೂ ಮೂರ್ನಾಲ್ಕು ದಿನ ಬೇಕಿತ್ತು. ತೇವಾಂಶ ಶೇ 14ಕ್ಕೆ ಇಳಿಯದ ಕಾಳನ್ನು ಎಪಿಎಂಸಿಯಲ್ಲಿ ಹಿಡಿ ಮಾಡಿ ನೋಡಿಯೇ ದರ ಮುರಿಯುತ್ತಾರೆ. ಮಳೆ ಜೋರಾಗಿಯೇನೂ ಬರಲಿಲ್ಲ. ಜೋರು ಮಳೆಯಾದರೆ ಸುರಿದು ಹೋಗುತ್ತದೆ. ಇದು ಬೆಳಗಿನಿಂದ ಸಂಜೆಯವರೆಗೆ ಜಿನುಗುವ ಮಳೆ, ನಡುನಡುವೆ ಅರ್ಧ ತಾಸು ಬೆಳಕು ತೋರಿಸಿ ಮತ್ತೆ ಮುಚ್ಚುವ ಮಳೆ. ಪ್ರತಿ ಸಲ ಬೆಳಕಾದಾಗ ತಾಡಪಾಲು ತೆಗೆಯಬೇಕು, ಇಲ್ಲದಿದ್ದರೆ ಒಳಗೆ ಕಾವು ಕೂತು ಕಾಳು ಬೂಷ್ಟು ಹಿಡಿಯುತ್ತದೆ. ಹನಿ ಬಿದ್ದ ಕೂಡಲೇ ಓಡಿ ಮುಚ್ಚಬೇಕು. ನಾನು ಹೋದಾಗ ಅಣ್ಣ ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ ಕಾವು ನೋಡುತ್ತಿದ್ದ. ಮೇಲಿನ ಕಾಳು ತಣ್ಣಗಿತ್ತು, ಒಳಗಿನದು ಬೆಚ್ಚಗಾಗಿತ್ತು. ಹಿಡಿ ಕಾಳು ತೆಗೆದು ಮೂಗಿಗೆ ಹಿಡಿದ. ಏನೂ ಮಾತಾಡಲಿಲ್ಲ. ತಾಡಪಾಲಿನ ಅಂಚಿಗೆ ಇಟ್ಟಿದ್ದ ಕಲ್ಲುಗಳನ್ನು ಒಂದೊಂದಾಗಿ ಸರಿಸಿ ಮತ್ತೆ ರಾಶಿ ಬಿಚ್ಚತೊಡಗಿದ.

“ಕಣದಾಗ ಕಾಳು ಬಿಟ್ಟು ನಾ ಹೆಂಗ ಬರ್ಲೋ? ನೀವು ಅವ್ವನ್ನ ಕರಕೊಂಡು ಹೋಗಿ ಬರ್ರಿ” ಎಂದ ಸಂಜೆ. ಅವ್ವ ಒಪ್ಪಲಿಲ್ಲ. “ಅಂವಾ ಇಲ್ಲಿ ಮಳ್ಯಾಗ ನಿಂತಿರ್ಬೇಕು, ನಾ ಅಲ್ಲಿ ಗಂಗ್ಯಾಗ ಮುಳುಗ್ಬೇಕೇನು?” ಎಂದಳು. ಅವಳನ್ನು ಒಪ್ಪಿಸಲು ಅಣ್ಣನಿಗೆ ಎರಡು ದಿನ ಬೇಕಾಯಿತು. ಅವನದೂ ವೈನಿಯದೂ ಟಿಕೆಟ್ ರದ್ದಾಯಿತು. ತಾಯಿಯನ್ನು ಕಾಶಿಗೆ ಕರೆದೊಯ್ಯುವ ಭಾಗ್ಯ ಹಿರಿಯ ಮಗನಿಗೆ ತಪ್ಪಿತು. ಇವತ್ತಿಗೂ ಅವನು ಅದನ್ನು ಬಾಯಿ ಬಿಟ್ಟು ಹೇಳುವುದಿಲ್ಲ.

ನವೆಂಬರ್, ಡಿಸೆಂಬರ್ ತಿಂಗಳ ಈ ಮಳೆ ಆಕಸ್ಮಿಕ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳು ಏಳುವ ಎರಡು ಕಾಲಗಳಲ್ಲಿ ಇದೂ ಒಂದು. 2022ರ ಡಿಸೆಂಬರ್‌ನಲ್ಲಿ ಮ್ಯಾಂಡೂಸ್ ಬಂತು. 2023ರ ಡಿಸೆಂಬರ್ 5ರಂದು ಮಿಚಾಂಗ್ ಆಂಧ್ರದ ಬಾಪಟ್ಲ ಬಳಿ ದಡ ಮುಟ್ಟಿತು. ಅದಕ್ಕೂ ಮೊದಲು ಚೆನ್ನೈ ವಿಮಾನ ನಿಲ್ದಾಣವನ್ನೇ ಮುಚ್ಚಬೇಕಾಯಿತು, ಹತ್ತಾರು ರೈಲುಗಳು ರದ್ದಾದವು. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ಒಳನಾಡಿಗೆ ನುಗ್ಗಿ ಕರ್ನಾಟಕವನ್ನೂ ನೆನೆಸಿ ಅರಬ್ಬಿ ಸಮುದ್ರದ ಕಡೆಗೆ ಸರಿಯಿತು. ಕರಾವಳಿಯಲ್ಲಿ ಶಾಲೆಗಳಿಗೆ ರಜೆ ಕೊಟ್ಟರು. ಚಂಡಮಾರುತ ದಡ ಮುಟ್ಟುವುದು ತಮಿಳುನಾಡಿನಲ್ಲೋ ಆಂಧ್ರದಲ್ಲೋ ಆದರೂ ಅದರ ಮೋಡದ ಸೆರಗು ನಮ್ಮ ಕಣಗಳವರೆಗೆ ಬರುತ್ತದೆ. ಕೊಯ್ದ ಭತ್ತದ ಸಿವುಡು ಗದ್ದೆಯಲ್ಲೇ ಮೊಳಕೆಯೊಡೆಯುತ್ತದೆ, ಒಡೆದ ಹತ್ತಿ ಗಿಡದಲ್ಲೇ ಕಪ್ಪಾಗುತ್ತದೆ. ಇದೇ ದಿನಗಳಲ್ಲಿ ನಮ್ಮ ಹಳ್ಳಿಗಳ ಮಾಲಾಧಾರಿಗಳು ಕ್ರೂಸರ್, ಟೆಂಪೊ ಮಾಡಿಕೊಂಡು ಶಬರಿಮಲೆಯ ದಾರಿ ಹಿಡಿದಿರುತ್ತಾರೆ. ಮಂಡಲ ಪೂಜೆಯ ಕಾಲವೂ ದಕ್ಷಿಣದ ಈ ಹಿಂಗಾರು ಮಳೆಯ ಕಾಲವೂ ಒಂದರ ಮೇಲೊಂದು ಬೀಳುತ್ತವೆ.

ಮಳೆ ಹೋಯಿತು, ಆಕಾಶ ತೊಳೆದಿಟ್ಟಂತಾಯಿತು. ಅದರ ಹಿಂದೆಯೇ ಮಂಜು ಬಂತು. ಎರಡಕ್ಕೂ ಸಂಬಂಧವಿದೆ. ನೆಲ ನೆಂದಿರುತ್ತದೆ, ಕೆರೆಗಳಲ್ಲಿ ನೀರಿರುತ್ತದೆ. ಮೋಡವಿಲ್ಲದ ದೀರ್ಘ ರಾತ್ರಿಯಲ್ಲಿ ಭೂಮಿ ತನ್ನ ಕಾವನ್ನೆಲ್ಲ ಮೇಲಕ್ಕೆ ಬಿಟ್ಟುಕೊಡುತ್ತದೆ. ಗಾಳಿ ಆಡದಿದ್ದರೆ ನೆಲಕ್ಕೆ ಹತ್ತಿದ ತೇವದ ಗಾಳಿ ಬೆಳಗಿನ ಜಾವಕ್ಕೆ ತಣಿದು ಸಣ್ಣ ಹನಿಗಳಾಗಿ ಅಲ್ಲೇ ನಿಲ್ಲುತ್ತದೆ. ಹಾನಗಲ್ ತಾಲ್ಲೂಕು ಕೆರೆಗಳ ಸೀಮೆ, ಅರೆಮಲೆನಾಡು. ಅಲ್ಲಿ ಮಂಜು ಬಿದ್ದರೆ ಏರಿಯ ಮೇಲಿನ ದಾರಿ ಕಾಣುವುದಿಲ್ಲ. ಪುಣ್ಯಕ್ಕೆ ನಮ್ಮ ಮಂಜಿನ ಆಯುಷ್ಯ ಕಡಿಮೆ. ಬಿಸಿಲೇರಿ ಎಂಟೂವರೆ, ಒಂಬತ್ತಾದರೆ ಕರಗಿ ಹೋಗುತ್ತದೆ.

ಆದರೆ ನಮ್ಮ ಪ್ರಯಾಣಗಳೆಲ್ಲ ಶುರುವಾಗುವುದೇ ಅದಕ್ಕೂ ಮೊದಲು. ಹಾನಗಲ್, ಹಿರೇಕೆರೂರು, ಶಿಗ್ಗಾವಿ ಪಟ್ಟಣಗಳಲ್ಲಿ ರೈಲು ನಿಲ್ದಾಣವಿಲ್ಲ. ಸವಣೂರಿನವರೂ ದೂರದ ಗಾಡಿಗೆ ಹಾವೇರಿಗೋ ಹುಬ್ಬಳ್ಳಿಗೋ ಹೋಗಬೇಕು, ಹಿರೇಕೆರೂರಿನವರು ರಾಣೆಬೆನ್ನೂರಿಗೆ. ವಿಮಾನವಾದರೆ ಹುಬ್ಬಳ್ಳಿ, ಇಲ್ಲವೆ ಗೋವಾ, ಇಲ್ಲವೆ ಬೆಂಗಳೂರು. ಬೆಳಗಿನ ಗಾಡಿ ಹಿಡಿಯಲು ನಸುಕಿನ ಮೂರಕ್ಕೆ ನಾಲ್ಕಕ್ಕೆ ಮನೆ ಬಿಡುವುದು ನಮಗೆ ರೂಢಿ. ದೇವರಿಗೆ ದೀಪ ಹಚ್ಚಿ, ಮಕ್ಕಳನ್ನು ಶಾಲಿನಲ್ಲಿ ಸುತ್ತಿ, ನಿದ್ದೆಗಣ್ಣಿನ ಚಾಲಕನ ಕೈಗೆ ಇಡೀ ಮನೆತನವನ್ನು ಒಪ್ಪಿಸುತ್ತೇವೆ.

ನಾವೂ ಹಾಗೆಯೇ ಹೊರಟೆವು. ಕ್ರೂಸರ್ ಹಾನಗಲ್ ಕಡೆಯಿಂದ ಅವ್ವನನ್ನೂ ಚಿಗವ್ವನನ್ನೂ ತಮ್ಮನ ಮನೆಯವರನ್ನೂ ಕರೆತಂದು ಶಿಗ್ಗಾವಿಯಲ್ಲಿ ನನ್ನನ್ನೂ ಅಕ್ಕನನ್ನೂ ಹತ್ತಿಸಿಕೊಂಡು ಹೆದ್ದಾರಿಗೆ ಬಂತು. ತಡಸದ ಕ್ರಾಸ್ ಹತ್ತಿರವಾದಂತೆ ಮುಂದೆ ಏನೂ ಇಲ್ಲ. ದೀಪದ ಬೆಳಕು ಗೋಡೆಗೆ ಬಡಿದಂತೆ ನಮ್ಮ ಕಣ್ಣಿಗೇ ವಾಪಸ್ ಬರುತ್ತಿತ್ತು. ಚಾಲಕ ದೀಪವನ್ನು ಕೆಳಕ್ಕೆ ಮಾಡಿದ, ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದ. ಎಡಬದಿಯ ಬಿಳಿ ಗೆರೆ ನೋಡುತ್ತ ಆಳು ನಡೆದಷ್ಟು ವೇಗದಲ್ಲಿ ಗಾಡಿ ಬಿಟ್ಟ. ಒಮ್ಮೆಲೇ ಮುಂದೆ ಲಾರಿಯ ಹಿಂಭಾಗ. ಅದು ನಿಂತಿತ್ತು. ಅದಕ್ಕೆ ಕೆಂಪು ದೀಪ ಇರಲಿಲ್ಲ, ಮಿನುಗುವ ಪಟ್ಟಿಯ ಮೇಲೆ ಮಣ್ಣು ಮೆತ್ತಿತ್ತು. ನಮ್ಮ ಗಾಡಿಗೂ ಅದಕ್ಕೂ ನಡುವೆ ಇನ್ನೊಂದು ಗಾಡಿಯಷ್ಟು ಜಾಗ ಉಳಿದಿರಬಹುದು. “ಅಣ್ಣಾರ, ಇನ್ನ ಮುಂದ ನಾ ಗಾಡಿ ಹೊಡಿಯಂಗಿಲ್ರೀ. ಬೆಳಕಾಗ್ಲಿ. ರೈಲ ಇನ್ನೊಂದು ಬರತೈತಿ” ಎಂದು ಆ ಹುಡುಗ ಗಾಡಿಯನ್ನು ಧಾಬಾದ ಅಂಗಳಕ್ಕೆ ತಂದು ನಿಲ್ಲಿಸಿಬಿಟ್ಟ. ಅವನ ಆ ಗಟ್ಟಿತನಕ್ಕೆ ನಾನು ಇವತ್ತಿಗೂ ಋಣಿ. ಒಂದೂವರೆ ತಾಸು ಅಲ್ಲಿ ಚಹಾ ಕುಡಿದು ಕೂತೆವು. ರೈಲು ಹೇಗೋ ಸಿಕ್ಕಿತು.

ಲೆಕ್ಕ ಹಾಕಿದರೆ ಅವನ ಮಾತಿನ ಬೆಲೆ ತಿಳಿಯುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಎದುರಿನದು ಕಂಡು, ಕಾಲು ಬ್ರೇಕಿಗೆ ಹೋಗಿ, ಗಾಡಿ ಪೂರಾ ನಿಲ್ಲುವಷ್ಟರಲ್ಲಿ 45 ಮೀಟರ್ ಕಳೆದಿರುತ್ತದೆ, ಅದೂ ಒಣ ರಸ್ತೆಯಲ್ಲಿ. ನೋಟ 50 ಮೀಟರಿಗಿಂತ ಕಡಿಮೆಯಾದರೆ ಹವಾಮಾನ ಇಲಾಖೆ ಅದನ್ನು ಅತಿ ದಟ್ಟ ಮಂಜು ಎನ್ನುತ್ತದೆ. ಅಂಥ ಮಂಜಿನಲ್ಲಿ 60ರ ವೇಗದಲ್ಲಿ ಹೋಗುವವನು ನಿಂತ ಲಾರಿಯನ್ನು ಕಾಣುವ ಹೊತ್ತಿಗೆ ಅವನ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ನಿಂತ ಲಾರಿ ಏನು ಮಾಡಬಲ್ಲದು ಎಂಬುದನ್ನು ನಮ್ಮ ಜಿಲ್ಲೆ ಕಂಡಿದೆ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ಇದೇ ಹೆದ್ದಾರಿಯಲ್ಲಿ, ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಭದ್ರಾವತಿ ತಾಲ್ಲೂಕಿನವರ ಟೆಂಪೊ ಟ್ರಾವೆಲರ್ ನಿಂತ ಲಾರಿಗೆ ಬಡಿದು 13 ಜನ ಸತ್ತರು. ಅದು ಚಳಿಗಾಲವಲ್ಲ, ಮಂಜೂ ಅಲ್ಲ. ನಸುಕು ಮತ್ತು ನಿಂತ ಲಾರಿ ಎರಡೇ ಸಾಕಾದವು. 2025ರ ಜನವರಿ 22ರ ನಸುಕಿನಲ್ಲಿ, ಸವಣೂರಿನಿಂದ ಕುಮಟಾ ಸಂತೆಗೆ ಕಾಯಿಪಲ್ಯ, ಹಣ್ಣು ಹೇರಿಕೊಂಡು ಹೊರಟ ಲಾರಿ ಯಲ್ಲಾಪುರ ದಾಟಿ ಅರಬೈಲ್ ಘಟ್ಟದಲ್ಲಿ, ಗುಳ್ಳಾಪುರದ ಬಳಿ, ಕಂದಕಕ್ಕೆ ಉರುಳಿತು. ಸರಕಿನ ಮೇಲೆ ಕೂತಿದ್ದವರಲ್ಲಿ 10 ಮಂದಿ ಹೋಗಿಬಿಟ್ಟರು. ಅವರು ರಜೆಯ ಮೇಲೆ ಹೊರಟವರಲ್ಲ, ವಾರದ ದುಡಿಮೆಗೆ ಹೊರಟವರು. ಅಕ್ಕನ ಓಣಿಯಲ್ಲಿ ಆ ವಾರ ಯಾರ ಮನೆಯಲ್ಲೂ ಗದ್ದಲವಿರಲಿಲ್ಲ. ಈ ಎರಡು ದುರಂತಗಳನ್ನು ಮಂಜಿನ ತಲೆಗೆ ಕಟ್ಟುವುದು ಸರಿಯಲ್ಲ. ನನ್ನ ಮಾತು ಇಷ್ಟೇ: ಮಂಜಿಲ್ಲದ ನಸುಕೇ ಇಷ್ಟು ಕೇಳುತ್ತದೆ. ಅದರ ಮೇಲೆ ಮಂಜೂ ಸೇರಿದರೆ?

ಇಟಾರ್ಸಿಯವರೆಗೆ ನಮ್ಮ ಗಾಡಿ ವೇಳೆಗೆ ಸರಿಯಾಗಿಯೇ ಓಡಿತು. ಅಲ್ಲಿಂದಾಚೆ ರಾತ್ರಿ ಕಳೆದು, ಪ್ರಯಾಗರಾಜ್ ಕಡೆಗೆ ಹೋದಂತೆ ಕಿಟಕಿಯ ಹೊರಗೆ ಬರೀ ಬೆಳ್ಳಗೆ. ಗಾಡಿ ನಿಲ್ಲುತ್ತಿತ್ತು, ತುಸು ಸರಿಯುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಗಂಗಾ ಬಯಲಿನ ಮಂಜು ನಮ್ಮದರಂತೆ ಒಂಬತ್ತಕ್ಕೆ ಕರಗುವುದಿಲ್ಲ. ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಮಾರುತಗಳು ಪಂಜಾಬಿನಿಂದ ಬಿಹಾರದವರೆಗೆ ತೇವ ಹರಡಿ ಹೋಗುತ್ತವೆ. ಅವು ದಾಟಿದ ಮೇಲೆ ಗಾಳಿ ಸತ್ತುಹೋಗುತ್ತದೆ. ಉತ್ತರಕ್ಕೆ ಹಿಮಾಲಯ ಅಡ್ಡ. ಹೊಗೆ, ದೂಳಿನ ಕಣಗಳಿಗೆ ತೇವ ಅಂಟಿಕೊಂಡು ಮಂಜು ದಿನಗಟ್ಟಲೆ ಕದಲದೆ ಕೂರುತ್ತದೆ. ಸೂರ್ಯನ ಬಿಸಿಲು ನೆಲ ಮುಟ್ಟದ ದಿನಗಳೂ ಉಂಟು.

ಅಂಥಲ್ಲಿ ರೈಲು ಓಡಿಸುವವರ ಕಷ್ಟ ದೊಡ್ಡದು. ಸಿಗ್ನಲ್ ಕಾಣದೆ ಮುಂದೆ ಹೋಗುವಂತಿಲ್ಲ. ಹಿಂದಿನಿಂದಲೂ ಸಿಗ್ನಲ್ ಬರುವ 270 ಮೀಟರ್ ಮೊದಲು ಹಳಿಯ ಮೇಲೆ ಪಟಾಕಿಯಂಥ ಸಿಡಿಮದ್ದನ್ನು ಕಟ್ಟುತ್ತಾರೆ. ಎಂಜಿನ್ ಚಕ್ರ ಹತ್ತಿದಾಗ ಅದು ಸಿಡಿದು ಚಾಲಕನಿಗೆ ಸಿಗ್ನಲ್ ಬಂತೆಂದು ತಿಳಿಸುತ್ತದೆ. ಈಗ ಎಂಜಿನ್ನಿನಲ್ಲಿ ಜಿಪಿಎಸ್ ಆಧಾರದ ಫಾಗ್ ಸೇಫ್ ಸಾಧನ ಇಡುತ್ತಾರೆ. ಮುಂದಿನ ಸಿಗ್ನಲ್ ಎಷ್ಟು ದೂರವಿದೆ ಎಂದು ಅದು ಮೊದಲೇ ಹೇಳುತ್ತದೆ. ಅದಿದ್ದರೂ ಮಂಜಿನಲ್ಲಿ ಗಂಟೆಗೆ 75 ಕಿ.ಮೀ. ಮೀರುವಂತಿಲ್ಲ. ಒಂದು ಗಾಡಿ ತಡವಾದರೆ ಹಿಂದಿನ ಹತ್ತು ತಡ. ಉತ್ತರದ ರೈಲ್ವೆ ವಲಯಗಳು ಪ್ರತಿ ವರ್ಷ ಡಿಸೆಂಬರ್ ಮೊದಲ ವಾರದಿಂದ ಫೆಬ್ರುವರಿ ಕೊನೆಯವರೆಗೆ ಹಲವು ಗಾಡಿಗಳನ್ನು ಮಂಜಿನ ಕಾರಣಕ್ಕೇ ಮುಂಚಿತವಾಗಿ ರದ್ದು ಮಾಡಿ ಪಟ್ಟಿ ಹೊರಡಿಸುತ್ತವೆ. ರೈಲ್ವೆ ಇಲಾಖೆಯೇ ಆ ಮೂರು ತಿಂಗಳನ್ನು ಬಿಟ್ಟುಕೊಟ್ಟು ಯೋಜನೆ ಮಾಡುವಾಗ, ನಾವು ಅದೇ ಮೂರು ತಿಂಗಳ ನಟ್ಟನಡುವೆ ಮಗ್ಗುಲು ಮಗ್ಗುಲಿಗೆ ಟಿಕೆಟ್ ಜೋಡಿಸುತ್ತೇವೆ: ಸೋಮವಾರ ಕಾಶಿ, ಮಂಗಳವಾರ ಪ್ರಯಾಗ, ಬುಧವಾರ ಅಯೋಧ್ಯೆ, ಗುರುವಾರ ವಾಪಸ್. ಒಂದು ಕೊಂಡಿ ಕಳಚಿದರೆ ಉಳಿದವೂ ಹೋಗುತ್ತವೆ.

ನಮಗೂ ಹೋದವು. ಅಯೋಧ್ಯೆ ಕೈಬಿಟ್ಟಿತು, ಪ್ರಯಾಗ ಕೈಬಿಟ್ಟಿತು. ಕಾಶಿಯಲ್ಲಿ ಒಂದೂವರೆ ದಿನ ಸಿಕ್ಕಿತು. ಬೆಳಿಗ್ಗೆ ದಶಾಶ್ವಮೇಧ ಘಾಟಿನಲ್ಲಿ ನಿಂತರೆ ನೀರು ಹತ್ತು ಮಾರಿನಾಚೆ ಕಾಣುತ್ತಿರಲಿಲ್ಲ. ದೋಣಿಯವನು ಹೊರಡಲು ಒಪ್ಪಲಿಲ್ಲ. ಅವ್ವ ಮೆಟ್ಟಿಲ ಮೇಲೆ ಕೂತು ತಂಬಿಗೆಯಿಂದ ನೀರು ಹೊಯ್ದುಕೊಂಡಳು. ಅಣ್ಣನ ಹೆಸರು ಹೇಳಿ ಒಂದು ತಂಬಿಗೆ, ವೈನಿಯ ಹೆಸರು ಹೇಳಿ ಇನ್ನೊಂದು. ವಿಶ್ವನಾಥನ ದರ್ಶನ ಆಯಿತು. ಅವಳು ತೃಪ್ತಳಾಗಿಯೇ ಮರಳಿದಳು. ಆದರೆ ಎಪ್ಪತ್ತು ದಾಟಿದ ಜೀವ ಆ ಚಳಿಯಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಕಂಬಳಿ ಹೊದ್ದು ಕೂತ ರಾತ್ರಿ ನನಗೆ ಸಹಿಸಲಾಗಲಿಲ್ಲ.

ವಿಮಾನದವರ ಪಾಡೂ ಇದಕ್ಕಿಂತ ಸುಖದ್ದಲ್ಲ. 2024ರ ಜನವರಿ ನಡುವಿನಲ್ಲಿ ದೆಹಲಿಯ ಮಂಜಿಗೆ ನೂರಾರು ವಿಮಾನಗಳು ತಡವಾದವು. ಗೋವಾದಿಂದ ದೆಹಲಿಗೆ ಹೊರಟ ವಿಮಾನವೊಂದನ್ನು ಮುಂಬೈಗೆ ತಿರುಗಿಸಿದರು. ತಾಸುಗಟ್ಟಲೆ ಕಾದು ಬೇಸತ್ತ ಪ್ರಯಾಣಿಕರು ವಿಮಾನದ ಪಕ್ಕದಲ್ಲೇ ನೆಲದ ಮೇಲೆ ಕೂತು ಊಟ ಮಾಡಿದ್ದನ್ನು ದೇಶವೇ ನೋಡಿತು. ಆ ಪ್ರಕರಣದಲ್ಲಿ ವಿಮಾನ ಸಂಸ್ಥೆಗೆ 1.20 ಕೋಟಿ ರೂಪಾಯಿ ದಂಡ ಬಿತ್ತು. ನಮ್ಮ ಮಕ್ಕಳು ಹೋಗಿ ನೆಲೆಸಿರುವ ಅಮೆರಿಕದಲ್ಲಿ 2022ರ ಕ್ರಿಸ್‌ಮಸ್ ವಾರದ ಹಿಮಗಾಳಿಗೆ ಸೌತ್‌ವೆಸ್ಟ್ ಎಂಬ ಒಂದೇ ಸಂಸ್ಥೆ 16 ಸಾವಿರಕ್ಕೂ ಹೆಚ್ಚು ವಿಮಾನಗಳನ್ನು ರದ್ದು ಮಾಡಿತು. ಉಳಿದ ಸಂಸ್ಥೆಗಳು ಬೇಗ ಚೇತರಿಸಿಕೊಂಡಾಗಲೂ ಅದು ಎದ್ದೇಳಲಿಲ್ಲ. ಅಲ್ಲಿನ ಸರ್ಕಾರ ಮರು ವರ್ಷ 14 ಕೋಟಿ ಡಾಲರ್ ದಂಡ ಹಾಕಿತು. ಹಿಮ, ಮಂಜು, ಮಳೆ ಯಾರ ತಪ್ಪೂ ಅಲ್ಲ. ಜನರಿಗೆ ಸುದ್ದಿ ಹೇಳದೆ, ಉಣ್ಣಲು ಕೊಡದೆ, ಎಲ್ಲಿ ಮಲಗಬೇಕೆಂದು ತಿಳಿಸದೆ ಕೈಬಿಡುವುದು ತಪ್ಪು. ಅಮೆರಿಕದಲ್ಲಿ ದಂಡ ಬಿದ್ದದ್ದು ಆ ಎರಡನೆಯದಕ್ಕೆ.

ನಮ್ಮ ಹಕ್ಕುಗಳು ನಮಗೇ ಗೊತ್ತಿರುವುದಿಲ್ಲ. ಹತ್ತುವ ನಿಲ್ದಾಣಕ್ಕೆ ರೈಲು ಮೂರು ತಾಸಿಗಿಂತ ಹೆಚ್ಚು ತಡವಾಗಿ ಬರುವುದಿದ್ದರೆ, ಪ್ರಯಾಣ ಬೇಡವೆಂದು ಅದು ಹೊರಡುವ ಮೊದಲೇ ಟಿಡಿಆರ್ ಎಂಬ ಮರುಪಾವತಿ ಅರ್ಜಿ ಹಾಕಿದರೆ ಪೂರ್ತಿ ಹಣ ವಾಪಸ್. ಹವಾಮಾನದಿಂದ ವಿಮಾನ ರದ್ದಾದರೆ ಪರಿಹಾರ ಸಿಗದು, ಆದರೆ ಟಿಕೆಟ್ ಹಣ ಇಲ್ಲವೆ ಬೇರೆ ವಿಮಾನ, ಎರಡರಲ್ಲೊಂದನ್ನು ಕೊಡಲೇಬೇಕು. ರೈಲಿನ ಸ್ಥಿತಿಗೆ 139 ಇದೆ. ಊರಿನ ಮಳೆ, ಗಾಳಿಯ ಸುದ್ದಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣ ಮಿತ್ರ ಸಹಾಯವಾಣಿ 92454 04040 ಹಗಲೂ ರಾತ್ರಿ ಎತ್ತುತ್ತದೆ. ಕಣದಲ್ಲಿ ಕಾಳಿದ್ದವರು ಟಿಕೆಟ್ ಮಾಡಿಸುವ ಮೊದಲು ಈ ಎರಡನೆಯ ನಂಬರಿಗೆ ಒಂದು ಫೋನು ಮಾಡಲಿ.

ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಕ್ಕೆ ಇಳಿದಿದೆ. ಅದನ್ನು ಎಲ್ಲರೂ ಅನನುಕೂಲ ಎನ್ನುತ್ತಾರೆ. ಒಕ್ಕಲಿಗ ಮನೆಗೆ ಅದು ಅನುಕೂಲವೇ. ನಾಲ್ಕು ತಿಂಗಳ ಮೊದಲು ಬೆಳೆ ಹೊಲದಲ್ಲಿ ಹಸಿರಾಗಿರುತ್ತದೆ, ಯಾವಾಗ ಒಕ್ಕುತ್ತೇವೆಂದು ಹೇಳಲು ಬರುವುದಿಲ್ಲ. ಎರಡು ತಿಂಗಳ ಮೊದಲು ಅಂದಾಜು ಸಿಗುತ್ತದೆ. ಫೆಬ್ರುವರಿ ಕೊನೆಗೋ ಮಾರ್ಚ್ ಮೊದಲಿಗೋ ಕಾಶಿಗೆ ಹೋಗಬೇಕೆಂದರೆ ಡಿಸೆಂಬರ್ ಕೊನೆಯ ವಾರ ಟಿಕೆಟ್ ಮಾಡಿಸಿದರೆ ಸಾಕು. ಅಷ್ಟರಲ್ಲಿ ಗಂಗಾ ಬಯಲಿನ ಮಂಜು ಹರಿದಿರುತ್ತದೆ, ಬಿಸಿಲು ಇನ್ನೂ ಕಾದಿರುವುದಿಲ್ಲ. ಬೆಂಗಳೂರಿನಲ್ಲಿರುವ ಮಕ್ಕಳಲ್ಲಿ ನನ್ನದೊಂದು ಕೋರಿಕೆ: ವರ್ಷಾಂತ್ಯದ ರಜೆಗೆ ಊರಿಗೇ ಬನ್ನಿ. ಅಣ್ಣನ ಜೊತೆ ನಿಂತು ತಾಡಪಾಲು ಹಿಡಿಯಿರಿ. ಬಾಡದಲ್ಲಿ ಕನಕದಾಸರ ನೆಲೆ ಇದೆ, ಶಿಶುವಿನಹಾಳದಲ್ಲಿ ಶರೀಫಜ್ಜನ ಗದ್ದುಗೆ ಇದೆ, ಹಾನಗಲ್ಲಿನಲ್ಲಿ ತಾರಕೇಶ್ವರ ಗುಡಿ, ಸವಣೂರಿನಲ್ಲಿ ದೊಡ್ಡಹುಣಸೆ ಮರಗಳು. ಒಂದೊಂದಕ್ಕೂ ಬಿಸಿಲು ಬಿದ್ದ ಮೇಲೆ ಹೊರಟು ಕತ್ತಲಾಗುವುದರೊಳಗೆ ಮನೆ ಸೇರಬಹುದು. ದೂರದ ಯಾತ್ರೆಗೆ ರಜೆಯಲ್ಲಿ ನಾಲ್ಕು ದಿನ ಉಳಿಸಿಕೊಂಡು ಭರತ ಹುಣ್ಣಿಮೆ ಕಳೆದ ಮೇಲೆ ತಂದೆ ತಾಯಿಯನ್ನು ಕರೆದೊಯ್ಯಿರಿ. ಮಂಜಿನ ಕಾಲದಲ್ಲೇ ಹೋಗಲೇಬೇಕಾದರೆ ಎರಡು ಗಾಡಿಗಳ ನಡುವೆ ಇಡೀ ಒಂದು ದಿನ ಖಾಲಿ ಬಿಡಿ, ಹಿಂದಿನ ಸಂಜೆಯೇ ಹುಬ್ಬಳ್ಳಿಗೆ ಹೋಗಿ ನೆಂಟರ ಮನೆಯಲ್ಲೋ ಛತ್ರದಲ್ಲೋ ಉಳಿಯಿರಿ.

ಹೆದ್ದಾರಿ ನೋಡಿಕೊಳ್ಳುವವರಿಗೂ ಒಂದು ಮಾತು. ಶಿಗ್ಗಾವಿಯಿಂದ ರಾಣೆಬೆನ್ನೂರಿನವರೆಗೆ ಡಿಸೆಂಬರ್, ಜನವರಿ ತಿಂಗಳಲ್ಲಿ ರಾತ್ರಿ ಎರಡರಿಂದ ಬೆಳಗಿನ ಎಂಟರವರೆಗೆ ರಸ್ತೆಯ ಮೇಲೆ ಒಂದೂ ಲಾರಿ ನಿಲ್ಲದಂತೆ ಗಸ್ತು ಬೇಕು. ಕೆಟ್ಟು ನಿಂತ ಗಾಡಿಯನ್ನು ತಕ್ಷಣ ಎಳೆದು ಬದಿಗೆ ಹಾಕುವ ಕ್ರೇನ್ ಬೇಕು, ಅಳಿಸಿಹೋದ ಬಿಳಿ ಗೆರೆಗಳಿಗೆ ನವೆಂಬರ್ ಮುಗಿಯುವುದರೊಳಗೆ ಮತ್ತೆ ಬಣ್ಣ ಬೀಳಬೇಕು. ಆ ನಸುಕಿನಲ್ಲಿ ನಮ್ಮ ಹುಡುಗ ಗಾಡಿ ಓಡಿಸಿದ್ದು ಆ ಗೆರೆಯೊಂದನ್ನೇ ನಂಬಿ.